ಟೆಲಿ ಮಾನಸ್, ವಿಡಿಯೋ ಕಾಲ್, ಆಸ್ಪತ್ರೆ: ಯಾವಾಗ ಯಾವುದು?

ತಮ್ಮನ ಖಿನ್ನತೆಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಟೆಲಿ ಮಾನಸ್ ಮೊದಲು; ಅದು ಮನಸ್ಸಿನ ಕಷ್ಟಕ್ಕೆ ಫೋನಲ್ಲೇ ಸಲಹೆ ಕೊಡುವ ಸರ್ಕಾರಿ ಸಹಾಯವಾಣಿ. ನಂಬರ್ 14416. 2022ರಲ್ಲಿ ಶುರುವಾಯಿತು, ಪೂರ್ತಿ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಪ್ರತಿ ಸಲ ಅದೇ ಕೌನ್ಸೆಲರ್ ಸಿಗುತ್ತಾರೆ ಅಂತಿಲ್ಲ.

ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ಅದೇ ಡಾಕ್ಟರ ಜೊತೆ ವಿಡಿಯೋ ಕಾಲ್ ಅನುಕೂಲ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ. ನೆಟ್‌ವರ್ಕ್‌ಗಿಂತ ದೊಡ್ಡ ತೊಡಕು ಮನೆಯೊಳಗೇ ಇದೆ. ಪಕ್ಕದಲ್ಲೇ ಅಪ್ಪ ಟಿವಿ ನೋಡುತ್ತಿದ್ದರೆ ಹುಡುಗ ಸುಮ್ನೆ "ಚೆನ್ನಾಗಿದ್ದೀನಿ ಸರ್" ಅಂದುಬಿಡುತ್ತಾನೆ, ಅಲ್ವಾ? ಬಾಗಿಲು ಹಾಕಿಕೊಳ್ಳುವ ಕೋಣೆ, ಇಯರ್‌ಫೋನ್ ಇರಲಿ. 2020ರ ಟೆಲಿಮೆಡಿಸಿನ್ ನಿಯಮದಂತೆ ಎಲ್ಲ ಮಾತ್ರೆಗಳನ್ನೂ ವಿಡಿಯೋದಲ್ಲಿ ಬರೆದುಕೊಡುವಂತಿಲ್ಲ.

ಊಟ ಬಿಟ್ಟಿದ್ದರೆ, ರಕ್ತ ಪರೀಕ್ಷೆ ಬೇಕಿದ್ದರೆ ಆಸ್ಪತ್ರೆಗೇ ಹೋಗಿ. ಸಾಯುವ ಮಾತಾಡಿದರಂತೂ ಒಬ್ಬನನ್ನೇ ಬಿಡದೆ ತಕ್ಷಣ ಕರೆದುಕೊಂಡು ಹೊರಡಿ.