ತೋಟದ ಮನೆಗೆ ಮೊದಲ ಬ್ಯಾಟರಿ ಡ್ರಿಲ್ ಸೆಟ್: ಯಾವುದು ಬೇಕು, ಯಾವುದು ಸುಮ್ನೆ ಖರ್ಚು

ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಡ್ರಿಲ್ ತಗೊಳ್ಳುವವರು ಡ್ರಿಲ್ಲಿಗಿಂತ ಮೊದಲು ಬ್ಯಾಟರಿ ನೋಡಿ. ಒಂದು ಕಂಪನಿಯ ಬ್ಯಾಟರಿ, ಚಾರ್ಜರ್ ಒಮ್ಮೆ ಮನೆಗೆ ಬಂತು ಅಂದರೆ ಮುಂದೆ ಬರುವ ಗರಗಸ, ಬ್ಲೋವರ್, ಕಬ್ಬಿಣ ಕೊಯ್ಯುವ ಗ್ರೈಂಡರ್ ಎಲ್ಲಾ ಅದೇ ಕಂಪನಿಯದ್ದೇ ಆಗುತ್ತದೆ, ಯಾಕೆಂದರೆ ಬ್ಯಾಟರಿ ಇಲ್ಲದ ಬರೀ ಮೆಷಿನ್ ತುಂಬಾ ಕಡಿಮೆಗೆ ಸಿಗುತ್ತದೆ ಮತ್ತು ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಮೊದಲ ಸೆಟ್ ತಗೊಳ್ಳುವ ದಿನವೇ ಹತ್ತು ವರ್ಷದ ಲೆಕ್ಕ ಹಾಕಬೇಕು.

ನಾನು ತಗೊಂಡಿದ್ದು ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಜೋಡಿ. ಹ್ಯಾಮರ್ ಇರುವ ಒಂದು ಡ್ರಿಲ್, ಸ್ಕ್ರೂ ಹಾಕಲು ಒಂದು ಇಂಪ್ಯಾಕ್ಟ್ ಡ್ರೈವರ್, 2 ಆಂಪಿಯರ್ ಅವರ್‌ನ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಎರಡು ಬ್ಯಾಟರಿ, ಒಂದು ಚಾರ್ಜರ್. ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ ಸಣ್ಣ ಕಾಫಿ ತೋಟ, ಹಳೇ ಹೆಂಚಿನ ಮನೆ. ಮಳೆಗಾಲ ಮುಗಿಯುವಷ್ಟರಲ್ಲಿ ಏನಾದರೊಂದು ಸಡಿಲ ಆಗಿರುತ್ತದೆ. ರೀಪು ಕೊಳೆತಿರುತ್ತದೆ, ಕೋಳಿ ಗೂಡಿನ ಬಾಗಿಲು ಜೋತಿರುತ್ತದೆ, ಆನೆ ಬಂದು ಹೋದರಂತೂ ಗೇಟೇ ಮಲಗಿರುತ್ತದೆ. ಅಷ್ಟಕ್ಕೆಲ್ಲಾ ಕುಶಾಲನಗರದಿಂದ ಆಚಾರಿಯವರನ್ನು ಕರೆಸೋದು ಕಷ್ಟ. ಕಾಫಿ ಕೊಯ್ಲು ಶುರುವಾದ ಮೇಲೆ ಯಾರೂ ಸಿಗುವುದೂ ಇಲ್ಲ.

ವೈರ್ ಇರುವ ಡ್ರಿಲ್ ಅಗ್ಗ, ಜೋರು, ಬ್ಯಾಟರಿ ಹಾಳಾಗುವ ತಲೆನೋವಿಲ್ಲ. ಪೇಟೆಯಲ್ಲಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ. ಆದರೆ ತೋಟದ ಕೆಳಗಿನ ಗೇಟಿಗೆ ಕರೆಂಟ್ ಎಲ್ಲಿಂದ ತರುವುದು? ಕೆರೆ ಪಕ್ಕದ ಪಂಪ್ ಶೆಡ್ಡಿಗೆ ಲೈನ್ ಇದ್ದರೂ ಜೂನ್, ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ಚಾರ್ಜರ್ ಅದರಲ್ಲಿ ಆರಾಮಾಗಿ ಓಡುತ್ತದೆ, ಒಂದೆರಡು ಫ್ಯಾನ್ ಎಳೆಯುವಷ್ಟು ಕರೆಂಟೂ ಅದಕ್ಕೆ ಬೇಡ. 850 ವಾಟ್‌ನ ಗ್ರೈಂಡರನ್ನು ಅದೇ ಇನ್ವರ್ಟರಿಗೆ ಹಾಕಿದರೆ ಕೂಡಲೇ ಕೀಂಯ್ ಅನ್ನುತ್ತದೆ. ನಮ್ಮ ಊರಿಗೆ ಬ್ಯಾಟರಿ ಮೆಷಿನ್ ಬೇಕು ಅನ್ನಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಈಗ ವೋಲ್ಟ್ ವಿಷಯ. ಇದರಲ್ಲಿ ಮೋಸ ಜಾಸ್ತಿ. 18 ವೋಲ್ಟ್ ಅಂದರೆ ಒಳಗೆ ಸಾಲಾಗಿ ಐದು ಲಿಥಿಯಂ ಸೆಲ್, ಒಂದೊಂದಕ್ಕೆ 3.6 ವೋಲ್ಟ್. ಫುಲ್ ಚಾರ್ಜ್ ಆದಾಗ ಅದೇ ಸೆಲ್ 4 ವೋಲ್ಟ್ ದಾಟುತ್ತದೆ. ಅದನ್ನೇ ಹಿಡಿದುಕೊಂಡು ಕೆಲವರು 20 ವೋಲ್ಟ್ ಅನ್ನುತ್ತಾರೆ, ಇನ್ನು ಕೆಲವರು 21 ಅನ್ನುತ್ತಾರೆ. ಡಿವಾಲ್ಟ್ ನಮ್ಮಲ್ಲಿ 20 ವೋಲ್ಟ್ ಅಂತ ಮಾರುವ ಸಾಲನ್ನೇ ಯುರೋಪಿನಲ್ಲಿ 18 ವೋಲ್ಟ್ ಅಂತ ಮಾರುತ್ತದೆ. ಇದು ಮೋಸ ಅಲ್ಲ, ಅಳೆಯುವ ರೀತಿ ಬೇರೆ ಅಷ್ಟೇ. ಮೋಸ ಇರುವುದು ಹೆಸರಿಲ್ಲದ ಡಬ್ಬಗಳಲ್ಲಿ. 48 ವಿಎಫ್, 88 ವಿಎಫ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದರೊಳಗೂ ಸಾಮಾನ್ಯವಾಗಿ ಅದೇ ಐದು ಸೆಲ್. ಆ ವಿಎಫ್ ಅನ್ನೋದು ಯಾವ ಅಳತೆಯೂ ಅಲ್ಲ.

ಆಂಪಿಯರ್ ಅವರ್‌ನಲ್ಲೂ ಇದೇ ಆಟ ಇದೆ. ಅಂಗಡಿಯಲ್ಲಿ ಬ್ಯಾಟರಿ ಕೈಗೆತ್ತಿಕೊಂಡು ತೂಕ ನೋಡಿ. ಸಾಮಾನ್ಯವಾಗಿ ಹಾಕುವ 18650 ಅನ್ನುವ ಅಳತೆಯ ಸೆಲ್ ಒಂದಕ್ಕೆ ಸುಮಾರು 45 ಗ್ರಾಂ, ಒಳ್ಳೆಯದರಲ್ಲೂ ಮೂರು, ಮೂರೂವರೆ ಆಂಪಿಯರ್ ಅವರ್‌ಗಿಂತ ಜಾಸ್ತಿ ತುಂಬುವುದಿಲ್ಲ. ಕೈಗೆ ಹಗುರ ಅನಿಸುವ, ಐದೇ ಸೆಲ್ಲಿನ ಒಂದೇ ಸಾಲಿನ ಬ್ಯಾಟರಿ ಮೇಲೆ 10 ಆಂಪಿಯರ್ ಅವರ್ ಅಂತ ಇದ್ದರೆ ನಗುತ್ತಾ ವಾಪಸ್ ಇಟ್ಟುಬಿಡಿ.

12 ವೋಲ್ಟಿನ ಸೆಟ್ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ. ಮಡಿಕೇರಿಯಲ್ಲಿ ಬಾಡಿಗೆ ಮನೆ, ಕರ್ಟನ್ ರಾಡ್ ಹಾಕಬೇಕು, ಫೋಟೋ ತೂಗು ಹಾಕಬೇಕು, ಮಂಚ ಬಿಚ್ಚಿ ಜೋಡಿಸಬೇಕು ಅನ್ನುವವರಿಗೆ ಅದೇ ಸರಿ. ಚಿಕ್ಕದು, ಹಗುರ, ಬೆಲೆ ಹೆಚ್ಚುಕಮ್ಮಿ ಅರ್ಧ. ಆದರೆ ಅದರ ಬ್ಯಾಟರಿಯಲ್ಲಿ ಇರುವುದು ಮೂರೇ ಸೆಲ್. ಹಲಸು, ನಂದಿ, ಹೊನ್ನೆ ಮರಕ್ಕೆ ಮೂರು ಇಂಚಿನ ಸ್ಕ್ರೂ ಇಳಿಸಲು ಹೋದರೆ ಏದುಸಿರು ಬಿಡುತ್ತದೆ. ಸಿಲ್ವರ್ ಓಕ್ ಹಲಗೆಗೆ ಪರವಾಗಿಲ್ಲ. ಜೇನು ಪೆಟ್ಟಿಗೆ ಮಾಡುವಂಥ ಕೆಲಸಕ್ಕೆ 12 ವೋಲ್ಟೇ ಕೈಗೆ ಹಿತ.

ಎರಡು ಮೆಷಿನ್ ಯಾಕೆ, ಡ್ರಿಲ್ಲಿನಲ್ಲೇ ಸ್ಕ್ರೂ ಹಾಕಬಹುದಲ್ವಾ ಅಂತ ನಮ್ಮ ಮನೆಯಲ್ಲೂ ಕೇಳಿದರು. ಹಾಕಬಹುದು. ಆದರೆ ಡ್ರಿಲ್ ಬರೀ ತಿರುಗುತ್ತದೆ, ಸ್ಕ್ರೂ ಗಟ್ಟಿ ಮರದಲ್ಲಿ ಸಿಕ್ಕಿಕೊಂಡರೆ ತಿರುಗುವುದು ನಿಮ್ಮ ಮಣಿಕಟ್ಟು. ಇಂಪ್ಯಾಕ್ಟ್ ಡ್ರೈವರ್ ಒಳಗೆ ಸಣ್ಣ ಸುತ್ತಿಗೆ ಇದೆ, ತಿರುಗಿಸುತ್ತಲೇ ಟಕಟಕ ಅಂತ ಪಕ್ಕದಿಂದ ಹೊಡೆಯುತ್ತದೆ. ಡ್ರಿಲ್ಲಿಗೆ 50 ನ್ಯೂಟನ್ ಮೀಟರ್ ಆಸುಪಾಸಿನ ತಿರುಗಿಸುವ ಬಲ ಇದ್ದರೆ ಇದಕ್ಕೆ 150ಕ್ಕೂ ಜಾಸ್ತಿ, ಆದರೂ ಕೈಗೆ ಎಳೆತ ಬರುವುದಿಲ್ಲ. ಏಣಿ ಮೇಲೆ ಒಂದು ಕೈಯಲ್ಲಿ ಪಕಾಸು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ಕ್ರೂ ಹಾಕುವಾಗ ಇದರ ಬೆಲೆ ಗೊತ್ತಾಗುತ್ತದೆ. ಸದ್ದು ಮಾತ್ರ ಕಿವಿ ತೂತು. ಮಧ್ಯಾಹ್ನ ಮಲಗಿರುವ ಅಜ್ಜಿ ಇದ್ದ ಮನೆಯಲ್ಲಿ ಯೋಚನೆ ಮಾಡಿ ಬಳಸಿ.

ಗೇಟಿನ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎರಡೂ ಮೆಷಿನ್ನಿನ ಗುಣ ಅಲ್ಲಿ ಕಾಣಿಸಿತು. ಗೇಟಿನ ಚೌಕಟ್ಟು ಹಲಸಿನದ್ದು, ಹಳೆಯದು, ಒಣಗಿ ಕಲ್ಲಾಗಿದೆ. ಡ್ರಿಲ್ಲಿನಲ್ಲಿ ಮೊದಲು ಸಣ್ಣ ತೂತು. ತೂತು ಕೊರೆಯುವ ಬಿಟ್ ಎಷ್ಟು ದಪ್ಪ ಅಂದರೆ, ಸ್ಕ್ರೂವಿನ ಹಲ್ಲು ಬಿಟ್ಟು ಒಳಗಿನ ಕಡ್ಡಿ ಎಷ್ಟಿದೆಯೋ ಅಷ್ಟು. ತೂತಿನಿಂದ ಹಳದಿ ಪುಡಿ ಸುರುಳಿ ಸುರುಳಿಯಾಗಿ ಬಂತು, ಬಿಟ್ ಬಿಸಿಯಾಗಿ ಹೊಗೆಯ ವಾಸನೆ. ಜೊತೆಗಿದ್ದ ಆಚಾರಿಯವರು "ಅಣ್ಣಾ, ಸ್ಕ್ರೂಗೆ ಸ್ವಲ್ಪ ಜೇನುಮೇಣ ತಿಕ್ಕಿ, ಹಲಸು ಅಲ್ವಾ ಇದು" ಅಂದರು. ಮೇಣ ತಿಕ್ಕಿದ ಸ್ಕ್ರೂ ಇಂಪ್ಯಾಕ್ಟ್ ಡ್ರೈವರಿಗೆ ಸಿಕ್ಕಿದ ಕೂಡಲೇ ಟರ್ರ್ ಅಂತ ಕೊನೆಯವರೆಗೂ ಹೋಯಿತು. ಕೊನೆಯ ಅರ್ಧ ಇಂಚಿನಲ್ಲಿ ಬೆರಳು ಸಡಿಲ ಬಿಡಬೇಕು, ಇಲ್ಲದಿದ್ದರೆ ಸ್ಕ್ರೂವಿನ ತಲೆ ಮುರಿಯುತ್ತದೆ.

ಸ್ಕ್ರೂ ಮಾತು ಬಂತು ಅಂತ ಹೇಳುತ್ತಿದ್ದೇನೆ, ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ಕರಿ ಸ್ಕ್ರೂ ಜಿಪ್ಸಮ್ ಬೋರ್ಡಿನದ್ದು. ಮೊದಲೇ ಪೆಡಸು, ಇಂಪ್ಯಾಕ್ಟ್ ಡ್ರೈವರಿನ ಹೊಡೆತಕ್ಕೆ ಪಟ್ ಅಂತ ತುಂಡಾಗುತ್ತದೆ. ತುಂಡಾಗದಿದ್ದರೂ ಕೊಡಗಿನ ಮಳೆಗೆ ತುಕ್ಕು ಹಿಡಿದು ಮರದ ಮೇಲೆ ಕಪ್ಪು ನೀರಿಳಿಯುತ್ತದೆ. ಹೊರಗಿನ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, 304 ಅಂತ ಕೇಳಿ ತಗೊಳ್ಳಿ. ಇದು ಸ್ವಲ್ಪ ಮೆತ್ತಗಿರುವ ಲೋಹ, ಹಾಗಾಗಿ ತೂತು ಮಾಡದೆ ನೇರ ಇಳಿಸಲು ಹೋಗಬೇಡಿ.

ಅದೇ ಗೇಟಿನ ಇನ್ನೊಂದು ಬದಿ ಕಾಂಕ್ರೀಟ್ ಕಂಬ. ಅಲ್ಲಿ ಆ್ಯಂಕರ್ ಬೋಲ್ಟಿಗೆ ತೂತು ಬೇಕಿತ್ತು. ಡ್ರಿಲ್ಲಿನ ಮೇಲೆ ಸುತ್ತಿಗೆಯ ಚಿತ್ರ ಇದೆ, ಅದಕ್ಕೆ ತಿರುಗಿಸಿ ಒತ್ತಿದೆ. 6 ಮಿಲಿಮೀಟರಿನ ತೂತು ಆಯಿತು. 12ಕ್ಕೆ ಹೋದಾಗ ಬಿಟ್ ಸುಮ್ನೆ ಕೂಗುತ್ತಾ ನಿಂತಿತು. ಇದು ಬಾಷ್‌ನ ತೊಂದರೆ ಅಲ್ಲ, ಯಾವ ಕಂಪನಿಯದ್ದಾದರೂ ಹೀಗೆಯೇ. ಈ ಡ್ರಿಲ್ಲಿನೊಳಗೆ ಎರಡು ಹಲ್ಲಿನ ಬಿಲ್ಲೆ ಒಂದರ ಮೇಲೊಂದು ಉಜ್ಜಿ ಕಂಪನ ಕೊಡುತ್ತವೆ, ನೀವು ಎಷ್ಟು ಒತ್ತುತ್ತೀರೋ ಅಷ್ಟೇ ಅದರ ಬಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಗೋಡೆಗೆ ಅದು ಸಾಕು. ಗಟ್ಟಿ ಕಾಂಕ್ರೀಟಿಗೆ ರೋಟರಿ ಹ್ಯಾಮರ್ ಬೇಕು, ಅದರಲ್ಲಿ ಪಿಸ್ಟನ್ ಗಾಳಿಯ ಒತ್ತಡದಲ್ಲಿ ಹೊಡೆಯುತ್ತದೆ, ಬಿಟ್ ಕೂಡ ಎಸ್‌ಡಿಎಸ್ ಅನ್ನುವ ಬೇರೆ ಜಾತಿ. ವರ್ಷಕ್ಕೊಮ್ಮೆ ಬೇಕಾಗುವ ವಸ್ತು, ಬಾಡಿಗೆಗೆ ತಂದರೆ ಮುಗಿಯಿತು. ವೈರಿನದ್ದು ತಂದರೆ ಕರೆಂಟ್ ಇಲ್ಲದ ಕಡೆಗೆ ಜನರೇಟರನ್ನೂ ಹೊತ್ತುಕೊಂಡು ಹೋಗಬೇಕು, ಇಲ್ಲವೇ ಬ್ಯಾಟರಿಯ ರೋಟರಿ ಹ್ಯಾಮರ್ ಹುಡುಕಬೇಕು.

ಆನ್‌ಲೈನಿನಲ್ಲಿ ನೂರು ಐಟಂ ಇರುವ ಸೂಟ್‌ಕೇಸ್ ಸೆಟ್ ನೋಡಿ ಮನಸ್ಸು ಸೋಲುತ್ತದೆ. ಸುತ್ತಿಗೆ, ಇಕ್ಕಳ, ಟೇಪು, ಸ್ಪಾನರ್, ಹತ್ತಾರು ಬಿಟ್, ಎಲ್ಲಾ ಒಂದೇ ಡಬ್ಬದಲ್ಲಿ. ಬಿಡಿ. ಆ ಬಿಟ್‌ಗಳು ನಮ್ಮ ಮರಕ್ಕೆ ಎರಡನೇ ತೂತಿನಲ್ಲೇ ಮೊಂಡಾಗುತ್ತವೆ. ಬರೀ ಮೆಷಿನ್ ಇರುವ ಸೆಟ್ ತಗೊಂಡು ಉಳಿದ ದುಡ್ಡಿನಲ್ಲಿ ಒಳ್ಳೆಯ ಬಿಟ್ ತಗೊಳ್ಳಿ. ಮರಕ್ಕೆ ನಡುವೆ ಮೊನೆ ಇರುವ ಬಿಟ್, ಕಬ್ಬಿಣಕ್ಕೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), ಗೋಡೆಗೆ ಕಾರ್ಬೈಡ್ ತುದಿಯದ್ದು. ಸ್ಕ್ರೂ ಬಿಟ್‌ಗಳಲ್ಲಿ ಪ್ಲಸ್ ತಲೆಗೆ ಹಾಕುವ ಪಿಎಚ್2 ನಾಲ್ಕೈದು ಜಾಸ್ತಿಯೇ ಇರಲಿ, ಸವೆಯುವುದೂ ಕಾಫಿ ಗಿಡದ ಬುಡದಲ್ಲಿ ಬಿದ್ದು ಕಳೆಯುವುದೂ ಅದೇ.

ಗ್ರೈಂಡರ್ ಇರುವ ಜೋಡಿಯನ್ನು ಅಂಗಡಿಯವರು ತೋರಿಸುತ್ತಾರೆ. ಮೊದಲ ಸೆಟ್‌ಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಲೆಕ್ಕ ಸುಲಭ. 18 ವೋಲ್ಟ್, 2 ಆಂಪಿಯರ್ ಅವರ್ ಅಂದರೆ 36 ವಾಟ್ ಅವರ್. ಗ್ರೈಂಡರ್ ಕಬ್ಬಿಣ ಕೊಯ್ಯುವಾಗ 400 ವಾಟ್ ಎಳೆದರೂ ಐದಾರು ನಿಮಿಷಕ್ಕೆ ಬ್ಯಾಟರಿ ಖಾಲಿ. ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ಅದರ ಬೆಲೆಗೆ ವೈರಿನ ಗ್ರೈಂಡರೇ ಬರುತ್ತದೆ. ಡ್ರಿಲ್ಲಿನ ಕತೆ ಬೇರೆ, ಒಂದು ತೂತು, ಒಂದು ಸ್ಕ್ರೂ, ಮತ್ತೆ ಅಳತೆ, ಮತ್ತೆ ಬೀಡಿ. ಅದೇ 36 ವಾಟ್ ಅವರ್ ಅರ್ಧ ದಿನ ಬರುತ್ತದೆ.

ಬ್ರಶ್‌ಲೆಸ್, ಅಂದರೆ ಕಾರ್ಬನ್ ಬ್ರಶ್ ಇಲ್ಲದ ಮೋಟಾರು ಬೇಕಾ? ದುಡ್ಡಿದ್ದರೆ ತಗೊಳ್ಳಿ, ಅದೇ ಬ್ಯಾಟರಿಯಲ್ಲಿ ಸ್ವಲ್ಪ ಜಾಸ್ತಿ ಕೆಲಸ ಆಗುತ್ತದೆ, ಮೆಷಿನ್ನೂ ಗಿಡ್ಡ. ಆದರೆ ಕಾರ್ಬನ್ ಬ್ರಶ್ ಇರುವ ಮೋಟಾರು ಕೆಟ್ಟರೆ ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಮೋಟಾರ್ ಕಟ್ಟುವವರೇ ರಿಪೇರಿ ಮಾಡಿಕೊಡಬಲ್ಲರು. ಬ್ರಶ್‌ಲೆಸ್ಸಿನ ಬೋರ್ಡ್ ಹೋದರೆ ಪಾರ್ಸೆಲ್ ಕಟ್ಟಿ ಮೈಸೂರಿಗೋ ಬೆಂಗಳೂರಿಗೋ ಕಳಿಸಬೇಕು.

ಹಾಗಾಗಿ ಕಂಪನಿ ಆರಿಸುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿ. ಬಾಷ್, ಮಕಿಟಾ, ಡಿವಾಲ್ಟ್ ಮೂರರಲ್ಲಿ ಮೆಷಿನ್ ಯಾವುದೂ ಕಳಪೆ ಅಲ್ಲ. ನನಗೆ ಬಾಷ್ ಸರಿಬಂದಿದ್ದು ನಾನು ಹೋಗುವ ಹಾರ್ಡ್‌ವೇರ್ ಅಂಗಡಿಯಲ್ಲೇ ಅದರ ಬ್ಯಾಟರಿ, ಬಿಡಿಭಾಗ ತರಿಸಿಕೊಡುತ್ತಾರೆ ಅಂತ. ಒಂದು ಎಚ್ಚರ, ಬಾಷ್‌ನಲ್ಲೇ ಹಸಿರು ಬಣ್ಣದ 18 ವೋಲ್ಟ್ ಮನೆಬಳಕೆ ಸಾಲೂ ಇದೆ, ಅದರ ಬ್ಯಾಟರಿ ನೀಲಿಗೆ ಕೂರುವುದಿಲ್ಲ. ಆಫರ್ ನೋಡಿ ಒಂದು ನೀಲಿ, ಒಂದು ಹಸಿರು ತಂದರೆ ಎರಡು ಚಾರ್ಜರ್ ಸಾಕಬೇಕು.

ತೋಟದ ಸಾಮಾನು ಜಾಸ್ತಿ ಬೇಕು ಅನ್ನುವವರು ಮಕಿಟಾ ನೋಡಿ. ಅದರ 18 ವೋಲ್ಟ್ ಸಾಲು 2005ರಿಂದ ನಡೆಯುತ್ತಿದೆ. ಕೊಂಬೆ ಕತ್ತರಿಸುವ ಸಣ್ಣ ಗರಗಸ, ಕಪಾತು (ಗಿಡ ಸವರುವ) ಕತ್ತರಿ, ಕಳೆ ಹೊಡೆಯುವ ಮೆಷಿನ್, ಹೆಂಚಿನ ಮೇಲಿನ ಎಲೆ ಹಾರಿಸುವ ಬ್ಲೋವರ್ ಎಲ್ಲಾ ಅದರಲ್ಲಿ ಇವೆ. ಡ್ರಿಲ್ ಬ್ಯಾಟರಿಯಲ್ಲಿ ಕಾಫಿ ಮಾಡುವ ಯಂತ್ರವನ್ನೂ ಅವರು ಮಾಡಿದ್ದಾರೆ, ಸುಳ್ಳಲ್ಲ. ಆದರೆ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಪೆಟ್ರೋಲ್ ಗರಗಸವೇ ಸೈ, ಬ್ಯಾಟರಿಯದ್ದು ಕಾಫಿ ಗಿಡದ ಕಪಾತಿಗೆ ಸಾಕು.

ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದಕ್ಕೆ ಹಾಕುವ ಅಡಾಪ್ಟರ್ ಸಿಗುತ್ತದೆ. ನಾನು ಅದರ ತಂಟೆಗೆ ಹೋಗುವುದಿಲ್ಲ. ಬ್ಯಾಟರಿ ಪೂರ್ತಿ ಬರಿದಾಗದಂತೆ ತಡೆಯುವ ವ್ಯವಸ್ಥೆ ಕೆಲವು ಕಂಪನಿಯಲ್ಲಿ ಮೆಷಿನ್ನಿನೊಳಗೆ ಇರುತ್ತದೆ, ಅಡಾಪ್ಟರ್ ನಡುವೆ ಬಂದರೆ ಅದು ಕೆಲಸ ಮಾಡದೆ ಸೆಲ್ ಸತ್ತುಹೋಗಬಹುದು.

ನಮ್ಮ ಊರಿನ ಥಂಡಿಗೆ ಇಡುವ ಜಾಗವೂ ಮುಖ್ಯ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒದ್ದೆ ಬಿಟ್ ಇಟ್ಟರೆ ಒಂದು ಕಕ್ಕಡ (ನಮ್ಮ ಕಡೆಯ ಜೋರು ಮಳೆಯ ತಿಂಗಳು) ಕಳೆಯುವಷ್ಟರಲ್ಲಿ ಕೆಂಪಗಾಗಿರುತ್ತದೆ. ಬಿಟ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಲೆ ಮೇಲಿನ ಅಟ್ಟದಲ್ಲಿ ಇಡಿ. ಬ್ಯಾಟರಿ ಅಲ್ಲಿ ಬೇಡ, ಬಿಸಿ ಅದಕ್ಕೆ ಆಗುವುದಿಲ್ಲ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಬೀರುವಿನೊಳಗೆ ಇಡಿ. ಪಕ್ಕದ ಮನೆಯವರು ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿ, ಒಡಿಕತ್ತಿ ಪಕ್ಕ ಬ್ಯಾಟರಿ ಡ್ರಿಲ್ಲನ್ನೂ ಇಟ್ಟು ಹೂ ಹಾಕಿದ್ದರು, ವರ್ಷಕ್ಕೊಮ್ಮೆಯಾದರೂ ಅದು ಕ್ಲೀನ್ ಆಗುತ್ತದೆ ಬಿಡಿ.

ಬೆಲೆ ದಿನಕ್ಕೊಂದು ಇರುತ್ತದೆ. ದೊಡ್ಡ ಕಂಪನಿಯ 18 ವೋಲ್ಟ್ ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್ ಸೇರಿ ಸುಮಾರು ಹತ್ತು ಸಾವಿರದ ಆಚೀಚೆ, ಇಂಪ್ಯಾಕ್ಟ್ ಡ್ರೈವರ್ ಸೇರಿದರೆ ಅದಕ್ಕೂ ಮೇಲೆ. ಒಂದೇ ಬ್ಯಾಟರಿ ಇರುವ ಸೆಟ್ ಬೇಡವೇ ಬೇಡ, ಒಂದು ಚಾರ್ಜಿಗೆ ಕೂತಾಗ ಇನ್ನೊಂದು ಕೈಯಲ್ಲಿರಬೇಕು. ಅಂಗಡಿಯಲ್ಲಿ ತಗೊಂಡರೆ ಬ್ಯಾಟರಿ ಮೇಲಿನ ತಯಾರಿಕೆ ದಿನಾಂಕ ನೋಡಿ, ಹಳೇ ಸ್ಟಾಕ್ ಆದರೆ ಬೇರೆ ಕೇಳಿ. ಜಿಎಸ್‌ಟಿ ಬಿಲ್ ಹಾಕಿಸಿ, ವಾರಂಟಿ ನೋಂದಣಿ ಅಲ್ಲೇ ಕೌಂಟರಿನಲ್ಲಿ ನಿಂತು ಮಾಡಿಸಿಕೊಳ್ಳಿ. ಮನೆಗೆ ಬಂದ ಮೇಲೆ ನೆಟ್‌ವರ್ಕ್ ಸಿಗಬೇಕಲ್ಲ.