ಅಡಿಕೆಯ ಎಲೆಚುಕ್ಕಿ ಅಳೆಯಲು ಯಾವ ತಂತ್ರಾಂಶ?

ತೋಟದಲ್ಲಿ ಎಲೆಚುಕ್ಕಿ ರೋಗ ಎಷ್ಟಿದೆ ಎಂದು ಕೇಳಿದರೆ ನಮ್ಮಲ್ಲಿ ಇಂದಿಗೂ ಸಿಗುವುದು ಕಣ್ಣಂದಾಜಿನ ಉತ್ತರ. ಸಣ್ಣ ಚುಕ್ಕಿಗಳು ಬಹಳವಿದ್ದಾಗ ಕಣ್ಣಿಗೆ ರೋಗ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಬ್ಬರು ನೋಡಿದರೆ ಎರಡು ಲೆಕ್ಕ. ಔಷಧ ಹೊಡೆದ ಸಾಲಿಗೂ ಹೊಡೆಯದ ಸಾಲಿಗೂ ಇರುವ ವ್ಯತ್ಯಾಸವನ್ನು ಖಚಿತವಾಗಿ ಹೇಳಬೇಕಾದರೆ ಇದು ಸಾಲದು. ಹಾಗಾಗಿ ಶಿರಸಿ ಸುತ್ತಿನ ತೋಟಗಳಿಂದ ತಂದ ಸೋಗೆಯ ಗರಿಗಳನ್ನು ಸ್ಕ್ಯಾನ್ ಮಾಡಿ, ಸಂಶೋಧನೆಗೆ ಉಚಿತವಾಗಿ ಸಿಗುವ ತಂತ್ರಾಂಶಗಳಿಗೆ ಕೊಟ್ಟು ನೋಡಿದೆ.

ಮೊದಲನೆಯದು ಫಿಜಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ ಇಮೇಜ್‌ಜೆ ತಂತ್ರಾಂಶಕ್ಕೆ ಹಲವು ಸಲಕರಣೆಗಳನ್ನು ಸೇರಿಸಿ ಕಟ್ಟಿದ್ದು ಇದು. ಸೂಕ್ಷ್ಮದರ್ಶಕದ ಚಿತ್ರಗಳಿಗೆ ಹೆಚ್ಚು ಬಳಕೆಯಲ್ಲಿದ್ದರೂ ಎಲೆಗೂ ಚೆನ್ನಾಗಿ ಒಗ್ಗುತ್ತದೆ. ಜಿಪ್ ಕಡತ ಬಿಚ್ಚಿದರೆ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಗರಿಯ ಪಕ್ಕ ಸ್ಕೇಲು ಇಟ್ಟು ಸ್ಕ್ಯಾನ್ ಮಾಡಿ, ಚಿತ್ರದಲ್ಲಿ ಅದರ ಉದ್ದಕ್ಕೆ ಗೆರೆ ಎಳೆದು 5 ಸೆಂಟಿಮೀಟರ್ ಎಂದು ತಿಳಿಸಿದರೆ ಮುಂದಿನ ಅಳತೆಯೆಲ್ಲ ಚದರ ಸೆಂಟಿಮೀಟರಿನಲ್ಲಿ ಬರುತ್ತದೆ. ಬಣ್ಣದ ಮಿತಿ ಹಾಕುವ ಕಿಟಕಿಯಲ್ಲಿ ವರ್ಣ, ಗಾಢತೆ, ಹೊಳಪಿನ ಪಟ್ಟಿಗಳನ್ನು ಸರಿಸಿದಂತೆ ಆಯ್ಕೆಯಾದ ಭಾಗ ಕೆಂಪಾಗಿ ಎದ್ದು ಕಾಣುತ್ತದೆ. ಎಲೆಯ ಒಟ್ಟು ವಿಸ್ತೀರ್ಣ ಮಾತ್ರ ಬೇಕಿದ್ದವರು ಇಲ್ಲಿಗೇ ನಿಲ್ಲಬಹುದು.

ರೋಗ ಅಳೆಯಲು ಹೊರಟಾಗ ತೊಡಕು ಶುರುವಾಗುತ್ತದೆ. ಚುಕ್ಕಿಯ ನಡುವೆ ಕಂದು, ಸುತ್ತ ಹಳದಿ ಬಳೆ. ವಯಸ್ಸಾದ ಕೆಳಗಿನ ಸೋಗೆ ತಾನಾಗಿ ಹಣ್ಣಾಗುವಾಗಲೂ ಬಣ್ಣ ಹಳದಿಯೇ. ಬಣ್ಣವನ್ನಷ್ಟೇ ನೋಡುವ ವಿಧಾನಕ್ಕೆ ಇವೆರಡೂ ಒಂದೇ. ಮಿತಿಯನ್ನು ಸಡಿಲಿಸಿದರೆ ಹಣ್ಣಾದ ಗರಿಯ ತುದಿಯೂ ರೋಗದ ಲೆಕ್ಕಕ್ಕೆ ಸೇರುತ್ತದೆ. ಬಿಗಿ ಮಾಡಿದರೆ ಬಳೆಯೇ ಬಿಟ್ಟುಹೋಗುತ್ತದೆ. ಅದರ ಮೇಲೆ ಅಡಿಕೆಯ ಗರಿಗೆ ಉದ್ದುದ್ದ ಮಡಿಕೆಗಳು. ಎ4 ಸ್ಕ್ಯಾನರಿಗೆ ಹಿಡಿಸುವಂತೆ ತುಂಡು ಮಾಡಿ, ಮೇಲೆ ಭಾರ ಹೇರಿದರೂ ಮಡಿಕೆಯ ಸಂದಿಯಲ್ಲಿ ನೆರಳು ಉಳಿಯುತ್ತದೆ. ಆ ನೆರಳನ್ನೂ ಮಿತಿ ಕಂದು ಚುಕ್ಕಿ ಎಂದೇ ಎಣಿಸುತ್ತದೆ. ಒರೆಸದೆ ಉಳಿದ ನೀರಿನ ಹನಿ ಹೊಳೆದರೆ ಅಲ್ಲೊಂದು ತೂತು ಬಿದ್ದಂತೆ ಕಾಣುತ್ತದೆ.

ಇಲಾಸ್ಟಿಕ್ ನನ್ನ ಮನಸ್ಸು ಗೆದ್ದದ್ದು ಇದೇ ಗರಿಗಳ ಮೇಲೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬೆಳೆದ ಈ ತಂತ್ರಾಂಶಕ್ಕೆ ಮಿತಿ ಹೇಳುವುದಿಲ್ಲ, ಮಾದರಿ ತೋರಿಸುತ್ತೇವೆ. ಕುಂಚದಲ್ಲಿ ಕಂದಿನ ಮೇಲೊಂದು ಗೆರೆ, ಬಳೆಯ ಮೇಲೆ ಇನ್ನೊಂದು ಬಣ್ಣದ ಗೆರೆ, ಹಸಿರಿಗೆ ಬೇರೆ, ಹಣ್ಣಾದ ಹಳದಿಗೆ ಬೇರೆ, ಮಡಿಕೆಯ ನೆರಳಿಗೆ ಮತ್ತೊಂದು. ಅದು ಪ್ರತಿ ಪಿಕ್ಸೆಲಿನ ಬಣ್ಣದ ಜೊತೆಗೆ ಸುತ್ತಲಿನ ಅಂಚು, ಮೇಲ್ಮೈಯ ವಿನ್ಯಾಸವನ್ನೂ ಗಮನಿಸಿ ಉಳಿದ ಗರಿಯನ್ನು ತಾನೇ ವಿಂಗಡಿಸುತ್ತದೆ. ತಪ್ಪಿದಲ್ಲಿ ಮತ್ತೊಂದು ಗೆರೆ ಎಳೆದರೆ ಕಣ್ಣೆದುರೇ ತಿದ್ದಿಕೊಳ್ಳುತ್ತದೆ. ಕಂದಿಗೆ ಅಂಟಿಕೊಂಡ ಹಳದಿ ಬೇರೆ, ತುದಿಯಿಂದ ಮೆಲ್ಲಗೆ ಇಳಿದುಬರುವ ಹಳದಿ ಬೇರೆ ಎಂಬುದನ್ನು ಅದು ಹಿಡಿದದ್ದು ಕಂಡು ನಿಜಕ್ಕೂ ಸಂತೋಷವಾಯಿತು. ತೋಟದವರ ಕಣ್ಣು ಮಾಡುವ ಭೇದವೇ ಅದು.

ಇದಕ್ಕೆ ರ‍್ಯಾಮ್ ಧಾರಾಳವಾಗಿ ಬೇಕು. ಬಣ್ಣ, ಅಂಚು, ವಿನ್ಯಾಸ ಎಂದು ಅದರ ಪಟ್ಟಿಯಲ್ಲಿರುವ ಗುಣಗಳನ್ನೆಲ್ಲ ಆರಿಸಿಕೊಂಡರೆ ಸಾಧಾರಣ ಯಂತ್ರ ಏದುಸಿರು ಬಿಡುತ್ತದೆ. ಬೇಕಾದ ಕೆಲವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ವಿಂಗಡಿಸಿದ ಚಿತ್ರವನ್ನು ನಾನು ಫಿಜಿಗೆ ಒಯ್ದು ವಿಸ್ತೀರ್ಣ ಎಣಿಸುತ್ತೇನೆ. ಬಳೆಯನ್ನು ರೋಗಕ್ಕೆ ಸೇರಿಸಬೇಕೇ ಬೇಡವೇ ಎಂಬುದನ್ನು ಮಾತ್ರ ಯಾವ ತಂತ್ರಾಂಶವೂ ತೀರ್ಮಾನಿಸದು, ನಾವೇ ತೀರ್ಮಾನಿಸಬೇಕು. ಹಸಿರು ಹೋದ ಭಾಗ ಮರಕ್ಕೆ ಅನ್ನ ಬೇಯಿಸಿ ಕೊಡುವುದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಆದರೆ ಕಂದು, ಬಳೆ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದಿಡುತ್ತೇನೆ, ನಾಳೆ ಬೇರೆಯವರು ಬೇರೆ ರೀತಿ ಕೂಡಿಸಿಕೊಳ್ಳಲಿ ಎಂದು.

ಪ್ಲಾಂಟ್‌ಸಿವಿ ಸಸ್ಯಗಳಿಗೆಂದೇ ಹುಟ್ಟಿದ್ದು, ಸೇಂಟ್ ಲೂಯಿಸ್‌ನ ಡೊನಾಲ್ಡ್ ಡ್ಯಾನ್‌ಫೋರ್ತ್ ಸಸ್ಯವಿಜ್ಞಾನ ಕೇಂದ್ರದಲ್ಲಿ. ಚಿತ್ರದಲ್ಲಿ ಗೊತ್ತಾದ ಬಣ್ಣಗಳ ಚೌಕಗಳಿರುವ ಕಾರ್ಡ್ ಇಟ್ಟಿದ್ದರೆ ಅದನ್ನು ನೋಡಿ ಎಲ್ಲ ಚಿತ್ರಗಳ ಬಣ್ಣವನ್ನೂ ಒಂದೇ ಹದಕ್ಕೆ ತರುತ್ತದೆ. ಜುಲೈನ ಮೋಡದಲ್ಲೂ ಡಿಸೆಂಬರಿನ ಬಿಸಿಲಿನಲ್ಲೂ ತೋಟದಲ್ಲೇ ತೆಗೆದ ಫೋಟೊಗಳನ್ನು ಹೋಲಿಸಬೇಕಾದರೆ ಇದು ದೊಡ್ಡ ಉಪಕಾರ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರಬೇಕು. ಒಂದೇ ಕ್ಯಾಮೆರಾ, ಒಂದೇ ದೂರ, ಒಂದೇ ಹಿನ್ನೆಲೆಯಲ್ಲಿ ತೆಗೆದ ರಾಶಿ ಚಿತ್ರಗಳಿದ್ದರೆ ಮಾತ್ರ ಪಟ್ಟ ಶ್ರಮಕ್ಕೆ ಫಲ. ಹಿಡಿಯಷ್ಟು ಗರಿ ಅಳೆಯುವ ಸ್ನಾತಕೋತ್ತರ ವಿದ್ಯಾರ್ಥಿಗೆ ನಾನಂತೂ ಇದನ್ನು ಸೂಚಿಸುವುದಿಲ್ಲ.

ಮೊಬೈಲಿನಲ್ಲೇ ಮುಗಿಯುವ ಎರಡನ್ನೂ ನೋಡಿದೆ. ಈಸಿ ಲೀಫ್ ಏರಿಯಾ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ಎಲೆಯ ಪಕ್ಕ 4 ಚದರ ಸೆಂಟಿಮೀಟರಿನ ಕೆಂಪು ಚೌಕ ಇಡಬೇಕು. ಕಾಳುಮೆಣಸಿನ ಎಲೆಯನ್ನು ಬಳ್ಳಿಯಿಂದ ಕೀಳದೆ, ಹಿಂದೆ ಬಿಳಿ ಕಾಗದ ಹಿಡಿದು ಅಳೆಯಲು ಬಹಳ ಹಿತ. ಹಸಿರನ್ನೇ ಹುಡುಕುವುದರಿಂದ ರೋಗದ ಎಲೆಗೆ ಒಪ್ಪದು. ಓಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದ ಕೆನೋಪಿಯೊ ಮೇಲಿನಿಂದ ತೆಗೆದ ಚಿತ್ರದಲ್ಲಿ ಹಸಿರಿನ ಪಾಲು ಎಷ್ಟೆಂದು ಹೇಳುತ್ತದೆ. ಎಳೆಯ ಭತ್ತಕ್ಕೆ ಸರಿ. ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ತಳಿಯ ಭತ್ತದ ನಡುವೆ ನೀರಿನ ಮೇಲೆ ಪಾಚಿ ಕಟ್ಟಿದ್ದರೆ ಅದನ್ನೂ ಬೆಳೆಯೆಂದೇ ಎಣಿಸುತ್ತದೆ.

ಇನ್ನು ರೈತರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊಗಳು. ಮಾಮೂಲಾಗಿ ಕಳಿಸಿದಾಗ ಚಿತ್ರ ಕುಗ್ಗಿ, ಚುಕ್ಕಿಯ ಅಂಚು ಕಲಸಿಹೋಗಿರುತ್ತದೆ. ಇಲಾಸ್ಟಿಕ್ ಕೂಡ ಅಲ್ಲಿ ಬಳೆಯನ್ನು ಬಿಡಿಸಲಾರದು. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿರಿ, ಗರಿಯನ್ನು ಬಿಳಿ ಪಂಚೆಯ ಮೇಲೆ ನೆರಳಿನಲ್ಲಿ ಇಟ್ಟು, ಪಕ್ಕ ಶಾಲೆಯ ಮಕ್ಕಳ ಸ್ಕೇಲು ಇಡಿ ಎಂದು ಮೊದಲೇ ಕೇಳಿಕೊಳ್ಳಬೇಕು.