30 ಅಡಿ ಬಿಲ್, 26 ಅಡಿ ಕಂಬ: ಟೆರೇಸ್ ಮೇಲೆ ಆಂಟೆನಾ ಮಾಸ್ಟ್ ಮಾಡಿಸಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಈ ಫ್ಯಾಬ್ರಿಕೇಶನ್‌ನವರ ಕೆಲಸ ಚೆನ್ನಾಗಿದೆ, ಕೊಟ್ಟ ಮಾತು ಚೆನ್ನಾಗಿಲ್ಲ. ಹತ್ತು ದಿನ ಅಂದವರು ಐದು ವಾರ ತೆಗೆದುಕೊಂಡರು. 30 ಅಡಿ ಅಂದ ಕಂಬ 26 ಅಡಿ ಇದೆ. ಮೊದಲ ಮಳೆಗೇ ತುಕ್ಕು. ಇಷ್ಟಾದರೂ ಹವ್ಯಾಸಕ್ಕೆ ರೇಡಿಯೋ ಸ್ಟೇಷನ್ ಇಟ್ಟುಕೊಂಡ ಹ್ಯಾಮ್ ಗೆಳೆಯರು ಯಾರಾದರೂ ಕೇಳಿದರೆ ಇವರ ಹತ್ತಿರವೇ ಕಳಿಸುತ್ತೇನೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಅಪಾರ್ಟ್‌ಮೆಂಟಿನ ಜಗಳದಿಂದಲೇ ಶುರು ಮಾಡಬೇಕು.

ಅಂಗಡಿಯ ಹೆಸರು ಹಾಕುತ್ತಿಲ್ಲ. ಕಾಮಾಕ್ಷಿಪಾಳ್ಯದ ಒಂದು ಓಣಿಯಲ್ಲಿ ಗ್ರಿಲ್, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಮಾಡುವ ಸಣ್ಣ ವರ್ಕ್‌ಶಾಪ್ ಅದು. ರಿವ್ಯೂ ಬರೀತೀನಿ ಅಂದಾಗ ಓನರ್ರೇ, "ಹೆಸರು ಮಾತ್ರ ಬೇಡ ಸಾರ್, ಎಲ್ಲರೂ ಕಂಬ ಕಂಬ ಅಂತ ಬಂದುಬಿಟ್ರೆ ನನ್ನ ಗ್ರಿಲ್ ಕೆಲಸ ಯಾರು ಮಾಡೋದು" ಅಂದರು.

ನಾನು ಹ್ಯಾಮ್ ರೇಡಿಯೋ ಆಪರೇಟರ್. ಕೇಂದ್ರ ಸರ್ಕಾರದ ರೇಡಿಯೋ ಲೈಸೆನ್ಸ್ ವಿಭಾಗ ಡಬ್ಲ್ಯೂಪಿಸಿ ನಡೆಸುವ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡವನು, ರೇಡಿಯೋದಲ್ಲಿ ನನ್ನ ಗುರುತಾಗಿ ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಇದೆ. ಬನಶಂಕರಿ ಮೂರನೇ ಹಂತದಲ್ಲಿ ನೆಲಮಹಡಿ ಬಿಟ್ಟು ಮೂರು ಮಹಡಿಯ ಸಣ್ಣ ಬಿಲ್ಡಿಂಗ್‌ನಲ್ಲಿ ಮನೆ. ಎರಡು ವರ್ಷ ಬಾಲ್ಕನಿ ಗ್ರಿಲ್ಲಿಗೆ ತಂತಿ ಕಟ್ಟಿಕೊಂಡೇ ಕಾಲ ಹಾಕಿದೆ. 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿಗೆ ಸರಿಯಾದ ಡೈಪೋಲ್, ಅಂದರೆ ಮಧ್ಯದಿಂದ ಎರಡು ಕಡೆಗೆ ಚಾಚಿದ ತಂತಿಯ ಆಂಟೆನಾ, ಬೇಕು ಅಂದರೆ ಒಂದೊಂದು ಕಡೆಗೆ 10 ಮೀಟರ್, ಒಟ್ಟು 20 ಮೀಟರ್ ತಂತಿ ಬೇಕು. ಅದನ್ನು ಎತ್ತರದಲ್ಲಿ ಕಟ್ಟಬೇಕು. ಬಾಲ್ಕನಿಯಲ್ಲಿ ಸೊಟ್ಟಂಪಟ್ಟ ಮಡಚಿ ಕಟ್ಟಿದರೆ ಏನಾಗುತ್ತೆ? ಎಲ್ಲರ ಮನೆಯ ಎಲ್‌ಇಡಿ ಬಲ್ಬು, ಯುಪಿಎಸ್, ಲಿಫ್ಟು ಇವುಗಳ ಗೊರಗೊರ ಮಾತ್ರ ಕೇಳುತ್ತೆ. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ರೇಡಿಯೋದ ಮೀಟರ್ ಬರೀ ಈ ಗೊರಗೊರಕ್ಕೇ ಸದಾ ಎಸ್9 ಮೇಲೇ ಕೂತಿರುತ್ತಿತ್ತು. ಮೈಸೂರಿನವರು ಕರೆದರೂ ಕೇಳುತ್ತಿರಲಿಲ್ಲ.

ಟೆರೇಸ್ ಮೇಲೆ ಕಂಬ ಹಾಕುತ್ತೇನೆ ಅಂತ ಅಸೋಸಿಯೇಷನ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ ನೋಡಿ, ಅರ್ಧ ಗಂಟೆಯಲ್ಲಿ ಅದು "ಮೊಬೈಲ್ ಟವರ್" ಆಗಿಹೋಯಿತು. ರೇಡಿಯೇಷನ್ ಅಂದರು. ಕ್ಯಾನ್ಸರ್ ಅಂದರು. ನೆಲಮಹಡಿಯ ಅಂಕಲ್ ಒಬ್ಬರು ಮಾತ್ರ ಬೇರೆ ದಾರಿ ಹಿಡಿದು, "ಕಂಪನಿಯವರು ತಿಂಗಳಿಗೆ ಎಷ್ಟು ಬಾಡಿಗೆ ಕೊಡ್ತಾರಪ್ಪ? ಅಸೋಸಿಯೇಷನ್‌ಗೂ ಪಾಲು ಬರಬೇಕು" ಅಂತ ಕೇಳಿದರು. ಇದು ಹವ್ಯಾಸ ಅಂಕಲ್, ನನಗೇ ಕೈಯಿಂದ ಖರ್ಚು ಅಂದರೆ ಅವರಿಗೆ ನಂಬಿಕೆ ಬರಲಿಲ್ಲ. ಇವತ್ತಿಗೂ ಪೂರ್ತಿ ಬಂದ ಹಾಗಿಲ್ಲ.

ಮೀಟಿಂಗಿಗೆ ನಾನು ವಕೀಲನ ಥರ ತಯಾರಾಗಿ ಹೋದೆ. ದೊಡ್ಡ ತಪ್ಪು. ಲೈಸೆನ್ಸ್ ಪ್ರತಿ ಕೊಟ್ಟೆ. ಅಮೆರಿಕದಲ್ಲಿ ರೇಡಿಯೋ, ಫೋನು ಎಲ್ಲ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1985ರಲ್ಲೇ ಪಿಆರ್‌ಬಿ-1 ಅನ್ನೋ ಆದೇಶ ಹೊರಡಿಸಿದೆ, ಊರಿನ ಆಡಳಿತಗಳು ಹ್ಯಾಮ್ ಆಂಟೆನಾಗಳಿಗೆ ಸುಮ್ನೆ ಅಡ್ಡಗಾಲು ಹಾಕುವ ಹಾಗಿಲ್ಲ, ತಕ್ಕಮಟ್ಟಿಗೆ ಜಾಗ ಮಾಡಿಕೊಡಲೇಬೇಕು ಅಂತ ಅದರಲ್ಲಿದೆ ಅಂತೆಲ್ಲ ಓದಿದೆ. ಸೆಕ್ರೆಟರಿ ಕನ್ನಡಕ ಸರಿ ಮಾಡಿಕೊಂಡು, "ಇದು ಬನಶಂಕರಿಲಿ ನಡೆಯುತ್ತಾ?" ಅಂತ ಒಂದೇ ಮಾತು ಕೇಳಿದರು. ನಡೆಯಲ್ಲ. ಇನ್ನೂ ಬೇಜಾರಿನ ವಿಷಯ ಅಂದರೆ ಅಲ್ಲೂ ನನಗೆ ಉಪಯೋಗ ಇರಲಿಲ್ಲ. ಆ ಆದೇಶ ಸರ್ಕಾರಿ ಆಡಳಿತಗಳಿಗೆ ಅನ್ವಯಿಸುತ್ತದೆ, ಮನೆ ಮಾಲೀಕರ ಸಂಘಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಕರಾರುಗಳಿಗೆ ಅಲ್ಲ. ಅಲ್ಲಿಯ ಹ್ಯಾಮ್‌ಗಳು ಇದನ್ನು ಬದಲಾಯಿಸಿ ಅಂತ ಮತ್ತೆ ಮತ್ತೆ ಮಸೂದೆ ತರಿಸುತ್ತಲೇ ಇದ್ದಾರೆ. ಟಿವಿ ಡಿಶ್‌ಗೆ 1996ರಲ್ಲೇ ರಕ್ಷಣೆ ಸಿಕ್ಕಿತು, ಹ್ಯಾಮ್ ಆಂಟೆನಾ ಅದರಲ್ಲಿ ಸೇರಲಿಲ್ಲ.

ನಮ್ಮಲ್ಲೂ ಅದೇ ಗೋಳು. ಲೈಸೆನ್ಸ್ ಹೇಳೋದು ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್ ಅಂತ. ಟೆರೇಸ್ ಯಾರದು ಅಂತ ಅದು ಹೇಳಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಆಕ್ಟ್ ತೆಗೆದು ನೋಡಿದರೆ ಛಾವಣಿ ಎಲ್ಲರಿಗೂ ಸೇರಿದ ಜಾಗ. ಅಂದರೆ ನನ್ನದೂ ಹೌದು, ಎರಡನೇ ಮಹಡಿ ಆಂಟಿಯದೂ ಹೌದು. ಅವರು ಅಲ್ಲಿ ಸಂಡಿಗೆ ಒಣಗಿಸುತ್ತಾರೆ. ಹಾಗೆ ನೋಡಿದರೆ ಒಂಬತ್ತು ಮನೆಯವರ ಡಿಟಿಎಚ್ ಡಿಶ್‌ಗಳೂ ಅಲ್ಲೇ ಇವೆ, ಒಬ್ಬರೂ ಪರ್ಮಿಷನ್ ಕೇಳಿದ್ದಿಲ್ಲ. ಇದನ್ನು ಹೇಳಿದಾಗ ಮೀಟಿಂಗಿನಲ್ಲಿ ಎರಡು ನಿಮಿಷ ಗಪ್‌ಚುಪ್. ಆಮೇಲೆ ನನ್ನ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಕೊನೇ ಬಾಣ ಅಂತ 2004ರ ಸುನಾಮಿ ವಿಷಯ ತೆಗೆದೆ. ಆ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಕ್ಕೆಂದೇ ಸ್ಟೇಷನ್ ಹಾಕಿಕೊಂಡಿದ್ದರು, ಫೋನುಗಳು ಸತ್ತುಹೋದಾಗ ಅದೇ ಸ್ಟೇಷನ್ನಿನಿಂದ ಅಂಡಮಾನಿನ ಸುದ್ದಿ ಹೊರಗೆ ಬಂತು ಅಂದೆ. ನೆಲಮಹಡಿ ಅಂಕಲ್, "ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆಯಪ್ಪ, ಸುನಾಮಿ ಎಲ್ಲಿಂದ ಬರುತ್ತೆ?" ಅಂದರು. ಮೀಟಿಂಗ್ ಮುಗಿಯಿತು. ಕಂಬ ಬೇಡ ಅಂತ ತೀರ್ಮಾನ.

ಮಾರನೇ ದಿನ ಅಡ್ವಾನ್ಸ್ ವಾಪಸ್ ಕೇಳೋಣ ಅಂತ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಓನರ್ರು ಅಡ್ವಾನ್ಸ್ ಮಾತು ಬಂದ ಕೂಡಲೇ ಟೀ ತರಿಸಿದರು, ಜಾಣರು. ಪೂರ್ತಿ ಕಥೆ ಕೇಳಿದರು. ಕೇಳಿ, ಕೈಯಲ್ಲಿದ್ದ ಗ್ಲಾಸನ್ನು ಆಂಗಲ್ ಕಬ್ಬಿಣದ ರಾಶಿ ಮೇಲೆ ಇಟ್ಟು, "ನಿಂತಿರೋದು ಕಂಡ್ರೆ ತಾನೇ ಸಾರ್ ಅವರಿಗೆ ಸಿಟ್ಟು? ಮಲಗಿಸೋ ಹಾಗೆ ಮಾಡಿಬಿಡೋಣ" ಅಂದರು.

ಇದೇ ಆ ಕಂಬ. ಎರಡಿಂಚು, ಒಂದೂವರೆ ಇಂಚು, ಒಂದಿಂಚು ಜಿಐ (ಸತುವಿನ ಲೇಪದ ಕಬ್ಬಿಣ) ಪೈಪು, ಹತ್ತತ್ತು ಅಡಿಯವು, ಒಂದರೊಳಗೆ ಒಂದು. ಒಟ್ಟು ತೂಕ 35 ಕಿಲೋ ಹತ್ತಿರ. ಬುಡದಲ್ಲಿ ದಪ್ಪ ಪ್ಲೇಟು, ಅದಕ್ಕೊಂದು ಹಿಂಜ್, ಕಂಬ ಎತ್ತಿ ಇಳಿಸೋಕೆ ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ವಿಂಚ್. ಟೆರೇಸಿನ ನೆಲಕ್ಕೆ ಒಂದೇ ಒಂದು ತೂತಿಲ್ಲ. ಬೆಂಗಳೂರಿನಲ್ಲಿ ಟೆರೇಸಿಗೆ ತೂತು ಹೊಡೆದರೆ ಕೆಳಗಿನ ಮನೆಯವರು ಜನ್ಮದಲ್ಲಿ ಕ್ಷಮಿಸಲ್ಲ, ಮೂರು ವರ್ಷ ಬಿಟ್ಟು ಸೋರಿದರೂ ಕಾರಣ ನೀವೇ. ಹಾಗಾಗಿ ಬುಡವನ್ನು ಮೆಟ್ಟಿಲ ಮೇಲಿನ ಹೆಡ್‌ರೂಮಿನ ಪಿಲ್ಲರಿಗೆ ಬ್ರಾಕೆಟ್ ಹಾಕಿ ಬಿಗಿದರು. ಕಂಬ ವಾಲದ ಹಾಗೆ ಸುತ್ತಲಿಂದ ಹಿಡಿದುಕೊಳ್ಳುವ ಎಳೆತಂತಿಗಳಿಗೂ ಪಿಲ್ಲರುಗಳಿಗೇ ಆಂಕರ್ ಬೋಲ್ಟ್. ಪ್ಯಾರಾಪೆಟ್ ಗೋಡೆಗೆ ಕಟ್ಟಿಬಿಡೋಣ ಅಂತ ಹುಡುಗ ಅಂದಾಗ ಓನರ್ರೇ ಬೈದರು. ಅದು ಬರೀ ನಾಲ್ಕಿಂಚಿನ ಗೋಡೆ, ಗಾಳಿಗೆ ಕಂಬದ ಜೊತೆ ಅದೂ ಬರುತ್ತೆ.

ಎಳೆತಂತಿ ವಿಷಯದಲ್ಲಿ ಮಾತ್ರ ನಾನೇ ಪಾಠ ಹೇಳಬೇಕಾಯಿತು. ಮೊದಲ ದಿನ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ತಂದಿದ್ದರು. ಅದು ಎರಡು ಬೇಸಿಗೆ ಬಿಸಿಲು ತಡೆಯಲ್ಲ ಅಂತ ವಾಪಸ್ ಕಳಿಸಿ ಸ್ಟೀಲ್ ತಂತಿ ತರಿಸಿದೆ. ಆದರೆ ಆಂಟೆನಾ ಹತ್ತಿರ ಉದ್ದದ ಸ್ಟೀಲ್ ತಂತಿ ಇದ್ದರೆ ಅದೂ ಒಂದು ಆಂಟೆನಾ ಥರ ಆಡಲು ಶುರು ಮಾಡುತ್ತದೆ, ಮಧ್ಯೆ ಮಧ್ಯೆ ತುಂಡು ಮಾಡಿ ಇನ್ಸುಲೇಟರ್ ಹಾಕಬೇಕು. ಇದನ್ನು ಹತ್ತು ನಿಮಿಷ ಕೈ ಬಾಯಿ ತಿರುಗಿಸಿ ವಿವರಿಸಿದೆ. ಓನರ್ರು ಕೇಳಿಸಿಕೊಂಡು, "ಬೆಸ್ಕಾಂ ಕಂಬದ ಸ್ಟೇ ವೈರ್‌ಗೆ ಮೊಟ್ಟೆ ಥರ ಪಿಂಗಾಣಿದು ಹಾಕ್ತಾರಲ್ಲ ಸಾರ್, ಅದು ತಾನೇ?" ಅಂದರು. ಅದೇ! ಸಂಜೆಯೊಳಗೆ ಎಸ್‌ಜೆಪಿ ರೋಡಿನಿಂದ ಎಂಟು ತಂದರು. ಕೆಲಸ ಗೊತ್ತಿರುವವರ ಜೊತೆ ಮಾತಾಡೋ ಸುಖವೇ ಬೇರೆ.

ಎಡಬಲದ ಎರಡು ತಂತಿಗಳು ಹಿಂಜಿನ ನೇರಕ್ಕೇ ಇರಬೇಕು, ಆಗ ಕಂಬ ಇಳಿಸುವಾಗ ಅವು ಬಿಗಿಯಾಗಿಯೇ ಇದ್ದು ಅಕ್ಕಪಕ್ಕ ವಾಲದ ಹಾಗೆ ಹಿಡಿದುಕೊಳ್ಳುತ್ತವೆ. ಮೊದಲ ಸಲ ಬಲಗಡೆಯದನ್ನು ಎರಡಡಿ ಹಿಂದೆ ಹಾಕಿದ್ದರು. ಕಂಬ ಅರ್ಧ ಇಳಿದ ಮೇಲೆ ಆ ತಂತಿ ವೀಣೆ ತಂತಿ ಥರ ಬಿಗಿದು ಟಿಣ್ ಅನ್ನತೊಡಗಿತು. ಅಲ್ಲಿಗೇ ನಿಲ್ಲಿಸಿದೆವು. ಮಾರನೇ ವಾರ ಬಂದು ಆಂಕರ್ ಬದಲಾಯಿಸಿಕೊಟ್ಟರು, ದುಡ್ಡು ಕೇಳಲಿಲ್ಲ.

ಸೆಕ್ರೆಟರಿಯವರನ್ನು ಕಾಡಿ ಬೇಡಿ ಒಂದು ಭಾನುವಾರದ ಟ್ರಯಲ್‌ಗೆ ಒಪ್ಪಿಸಿದೆ. ಎಲ್ಲರೂ ಮೇಲೆ ಬಂದರು. ನಾನು ಬಾಯಿ ಬಿಡಲಿಲ್ಲ. ಓನರ್ರು ಹಿಂದಿನ ತಂತಿಯ ಟರ್ನ್‌ಬಕಲ್ ಸಡಿಲ ಮಾಡಿ ವಿಂಚ್ ತಿರುಗಿಸಿದರು. ಕಂಬ ನಿಧಾನಕ್ಕೆ ಬಾಗಿ ಬಂದು, ಸೊಂಟದೆತ್ತರದಲ್ಲಿ ಇಟ್ಟಿದ್ದ ಸ್ಟ್ಯಾಂಡ್ ಮೇಲೆ ಮಲಗಿತು. ಮೂರು ನಿಮಿಷ ಆಗಿರಬಹುದು. ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ಆಮೇಲೆ ವಿಂಚಿನ ಹಿಡಿಯನ್ನು ನೆಲಮಹಡಿ ಅಂಕಲ್ ಕೈಗೇ ಕೊಟ್ಟರು! ಅಂಕಲ್ ತಿರುಗಿಸಿ ಎತ್ತಿ ನಿಲ್ಲಿಸಿದ ಮೇಲೆ ಆ ಕಂಬ ಅರ್ಧ ಅವರದೂ ಆಯಿತು.

ಸ್ಟ್ಯಾಂಪ್ ಪೇಪರಿನಲ್ಲಿ ಬರೆದುಕೊಟ್ಟೆ: ಬಳಸದಾಗ ಮಲಗಿಸುತ್ತೇನೆ, ಗುಡುಗು ಮಿಂಚು ಇದ್ದಾಗ ಎತ್ತುವುದಿಲ್ಲ, ಗೋಡೆಗೆ ಏನಾದರೂ ಆದರೆ ನನ್ನ ಖರ್ಚು, ಯಾರ ಮನೆಯಲ್ಲಾದರೂ ತೊಂದರೆ ಆದರೆ ಟ್ರಾನ್ಸ್‌ಮಿಟ್ ನಿಲ್ಲಿಸಿ ಸರಿ ಮಾಡಿಕೊಡುತ್ತೇನೆ. ಮೊದಲ ವಾರವೇ ಆಯಿತು ಬೇರೆ. ನಾನು ಮೈಕ್ ಒತ್ತಿದಾಗೆಲ್ಲ ಮೂರನೇ ಮಹಡಿಯ ಕಾಲಿಂಗ್ ಬೆಲ್ ತಾನಾಗೇ ಹೊಡೆದುಕೊಳ್ಳುತ್ತಿತ್ತು, ಬಾಗಿಲು ತೆಗೆದರೆ ಯಾರೂ ಇಲ್ಲ. ಎಸ್.ಪಿ. ರೋಡಿನಿಂದ ವೈರಿಗೆ ನುಗ್ಗುವ ರೇಡಿಯೋ ಸಿಗ್ನಲ್ ತಡೆಯುವ ಫೆರೈಟ್ ಕ್ಲಿಪ್ ತಂದು ಬೆಲ್ಲಿನ ವೈರಿಗೆ ಹಾಕಿದೆ, ನಿಂತಿತು.

ಈಗ ಡೈಪೋಲಿನ ಮಧ್ಯಭಾಗ ನೆಲದಿಂದ ಸುಮಾರು 70 ಅಡಿ ಮೇಲಿದೆ, ಎರಡು ತೋಳೂ ಟೆರೇಸಿನ ಮೂಲೆಗಳ ಕಡೆಗೆ ಇಳಿಯುತ್ತವೆ. ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತೆ ಅನ್ನೋ ಲೆಕ್ಕ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 1.3. ಗೊರಗೊರ ಎಸ್5ಕ್ಕೆ ಇಳಿದಿದೆ. ಮೊದಲ ಸಂಜೆ ಕೊಲಂಬೊ ಸಿಕ್ಕಿತು, ಒಂಬತ್ತು ಗಂಟೆ ಹೊತ್ತಿಗೆ ಇಂಡೋನೇಷ್ಯಾ. ಮೈಸೂರಿನವರು ಪಕ್ಕದ ರೂಮಿನಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಾರೆ.

ಇನ್ನು ಬೈಗುಳ. ಮೂರು ಪೈಪು ಒಂದರೊಳಗೊಂದು ಎರಡೆರಡು ಅಡಿ ಹೋಗಬೇಕಾದ್ದರಿಂದ ಕಂಬ ನಿಂತಾಗ 26 ಅಡಿಯೇ. ಬಿಲ್ಲಿನಲ್ಲಿ 30. ಕೇಳಿದರೆ, "ಪೈಪು 30 ಅಡಿನೇ ಅಲ್ವಾ ಸಾರ್" ಅಂತ ನಗುತ್ತಾರೆ. ಹಿಂಜನ್ನು ನಮ್ಮ ಟೆರೇಸಿನಲ್ಲೇ ವೆಲ್ಡ್ ಮಾಡಿದರು, ಆ ಬಿಸಿಗೆ ಪೈಪಿನ ಸತುವಿನ ಲೇಪ ಸುಟ್ಟುಹೋಯಿತು, ಮೇಲೆ ಸಿಲ್ವರ್ ಪೇಂಟ್ ಬಳಿದು ಕೈ ತೊಳೆದುಕೊಂಡರು. ಮೇ ತಿಂಗಳ ಮೊದಲ ಮಳೆಗೆ ಹೆಡ್‌ರೂಮಿನ ಬಿಳಿ ಗೋಡೆ ಮೇಲೆ ಕೆಂಪು ಗೆರೆ ಇಳಿಯಿತು. ವೆಲ್ಡಿಂಗ್ ಎಲ್ಲ ವರ್ಕ್‌ಶಾಪಿನಲ್ಲೇ ಮುಗಿಸಿ ಆಮೇಲೆ ಗಾಲ್ವನೈಸ್ ಮಾಡಿಸಿ ಅಂತ ನೀವಾದರೂ ಪಟ್ಟು ಹಿಡಿಯಿರಿ. ಅರ್ತಿಂಗ್ ಇವರ ಕೈಲಿ ಮಾಡಿಸಲೇಬೇಡಿ. "ಕಂಬ ಗೋಡೆಗೆ ತಾಗಿದೆಯಲ್ಲ, ಅದೇ ಅರ್ತಿಂಗ್" ಅನ್ನುತ್ತಾರೆ. ನಾನು ಎಲೆಕ್ಟ್ರಿಷಿಯನ್ ಕರೆಸಿ ಕೆಳಗೆ ಬೇರೆ ಗುಂಡಿ ತೆಗೆಸಿ, ಅಲ್ಲಿಯವರೆಗೂ ಜಿಐ ಪಟ್ಟಿ ಇಳಿಸಿದ್ದೇನೆ. ಅದಿದ್ದರೂ ಮೋಡ ಕಟ್ಟಿದರೆ ಮೊದಲು ರೇಡಿಯೋದಿಂದ ಕೇಬಲ್ ಕಿತ್ತಿಡುತ್ತೇನೆ.

ಒಟ್ಟು 38,500 ರೂಪಾಯಿ, ಎಗ್ ಇನ್ಸುಲೇಟರ್ ಸೇರಿ, ಅರ್ತಿಂಗ್ ಬಿಟ್ಟು. ಐದಕ್ಕೆ ನಾಲ್ಕು ಸ್ಟಾರ್. ತುಕ್ಕು ಸರಿ ಮಾಡಿದರೆ ನಾಲ್ಕೂವರೆ.

ಮಲಗಿರುವ ಕಂಬ ಬಟ್ಟೆ ಒಣಗಿಸೋಕೆ ಹೇಳಿ ಮಾಡಿಸಿದ ಹಾಗಿದೆ ಅಂತ ಎರಡನೇ ಮಹಡಿ ಆಂಟಿ ಕಂಡುಹಿಡಿದಿದ್ದಾರೆ. ಸಂಜೆ ಎತ್ತುವ ಮೊದಲು, "ಆಂಟೀ, ಬೆಡ್‌ಶೀಟ್ ಒಣಗಿತಾ?" ಅಂತ ಫೋನ್ ಮಾಡಲೇಬೇಕು. ಹೋದ ವಾರ ಬಿಳಿ ಬೆಡ್‌ಶೀಟಿಗೆ ಹಿಂಜಿನ ತುಕ್ಕು ತಾಗಿ ಮತ್ತೆ ಮೀಟಿಂಗ್ ಕರೆಯೋ ಮಾತು ಬಂದಿದೆ. ಕಾಮಾಕ್ಷಿಪಾಳ್ಯಕ್ಕೆ ಫೋನ್ ಮಾಡಿದೆ. "ಭಾನುವಾರ ಬರ್ತೀನಿ ಸಾರ್" ಅಂದರು. ಯಾವ ಭಾನುವಾರ ಅಂತ ಕೇಳೋಷ್ಟರಲ್ಲಿ ಕಟ್ ಆಯಿತು.